ಮಲ್ಲಿಗೆ ಕುದಿಸಬೇಡಿ: ಬೇಸಿಗೆಗೆ ಜಿನ್, ನಿಂಬೆ, ಹೂವು

ಪ್ರಶ್ನೆ: ಗೆಳೆಯರು ಬರುತ್ತಾರೆಂದು ಜಿನ್, ನಿಂಬೆಹಣ್ಣು, ಮಲ್ಲಿಗೆ ಸೇರಿಸಿ ಕಾಕ್‌ಟೇಲ್ ಮಾಡಿದೆ. ಮಲ್ಲಿಗೆಯನ್ನು ಸಕ್ಕರೆ ಪಾಕದಲ್ಲೇ ಹತ್ತು ನಿಮಿಷ ಕುದಿಸಿದ್ದೆ. ಬೆಂದ ಸೊಪ್ಪಿನ ವಾಸನೆ ಬಂತು, ಜೊತೆಗೆ ಕಹಿ. ಎಲ್ಲಿ ತಪ್ಪಿತು? ಕುಡಿಯದವರಿಗೂ ಇಂಥದ್ದೇ ಏನಾದರೂ ಮಾಡಬಹುದಾ?

ಉತ್ತರ: ಕುದಿಸಿದ್ದೇ ತಪ್ಪು. ಮಲ್ಲಿಗೆಯ ಘಮ ಬಿಸಿಗೆ ಹಾರಿಹೋಗುತ್ತದೆ, ಪಾತ್ರೆಯಲ್ಲಿ ಉಳಿಯುವುದು ಬೆಂದ ಎಸಳು ಮಾತ್ರ. ಏಲಕ್ಕಿ, ಲವಂಗದ ಲೆಕ್ಕ ಇದಕ್ಕೆ ನಡೆಯುವುದಿಲ್ಲ. ಮೊಗ್ಗು ರಾತ್ರಿ ಬಿರಿಯುತ್ತಾ ಪರಿಮಳ ಬಿಡುತ್ತದೆ, ಕಿತ್ತ ಮೇಲೂ ಬಿಡುತ್ತದೆ. ನಾವು ಆ ಹೊತ್ತಿಗೆ ನೀರು ಇಟ್ಟುಕೊಂಡು ಕಾಯಬೇಕು, ಅಷ್ಟೆ. ಥಾಯ್ಲೆಂಡಿನವರು ಸಿಹಿತಿಂಡಿಗೆ ಮಲ್ಲಿಗೆ ನೀರು ಮಾಡುವುದು ಹೀಗೆಯೇ.

ಕಾಯಿಸಿ ಪೂರ್ತಿ ಆರಿಸಿದ ಕಾಲು ಲೀಟರ್ ನೀರನ್ನು ಅಗಲವಾದ ಪಾತ್ರೆಗೆ ಹಾಕಿ. ಸಂಜೆ ಕಿತ್ತ ಒಂದು ಹಿಡಿ ಮೊಗ್ಗನ್ನು ತೊಟ್ಟು ಕೆಳಗೆ ಬರುವಂತೆ ತೇಲಿಬಿಡಿ. ಎಸಳು ಮುಳುಗಬಾರದು. ಮುಚ್ಚಿಡಿ. ಬೆಳಿಗ್ಗೆ ಎದ್ದ ಕೂಡಲೇ ಹೂವು ತೆಗೆದುಬಿಡಿ. ಕಂದು ಬಣ್ಣಕ್ಕೆ ತಿರುಗುವವರೆಗೆ ಬಿಟ್ಟರೆ ಮತ್ತೆ ಅದೇ ಸೊಪ್ಪಿನ ವಾಸನೆ.

ಹೂವು ಮಾತ್ರ ಮನೆಯ ಗಿಡದ್ದೇ ಆಗಲಿ. ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆ, ಹಡಗಲಿ ಮಲ್ಲಿಗೆ ಮೂರಕ್ಕೂ ಜಿಐ (ಆಯಾ ಊರಿನದೇ ಬೆಳೆ ಎಂಬ ಗುರುತು) ಮಾನ್ಯತೆ ಇದೆ, ನಿಜ. ಆದರೆ ಮಾರುಕಟ್ಟೆಯ ಮಾಲೆ ಮುಡಿಯಲು ಬೆಳೆದದ್ದು, ಔಷಧಿ ಹೊಡೆದಿರುತ್ತಾರೆ. ಬಿಳಿ ಹೂವೆಂದು ನಂದಿಬಟ್ಟಲು ಹಾಕಲು ಹೋಗಬೇಡಿ. ಕಣಗಿಲೆಯಂತೂ ವಿಷ.

ಇನ್ನು ಕಹಿ. ಅದು ನಿಂಬೆಯಿಂದ ಬಂದಿರಬೇಕು. ಬೀಜ ಜಜ್ಜಿದರೆ, ಸಿಪ್ಪೆಯ ಒಳಗಿನ ಬಿಳಿ ಭಾಗ ಸೇರಿದರೆ, ಹಿಂಡಿದ ರಸ ಗಂಟೆಗಟ್ಟಲೆ ಕೂತರೆ ಕಹಿಯಾಗುತ್ತದೆ. ಗ್ಲಾಸು ಮುಂದಿಟ್ಟುಕೊಂಡೇ ಹಿಂಡಿ. ಟಾನಿಕ್ ವಾಟರ್ ಹಾಕಿದ್ದರೆ ಅದರಲ್ಲಿ ಕ್ವಿನೈನ್ ಇರುತ್ತದೆ, ಕಹಿಗೆ ಬೇರೆ ಕಾರಣವೇ ಬೇಡ. ಇದಕ್ಕೆ ಬರೀ ಸೋಡಾ ಸಾಕು.

ಹುಳಿ ನಿಂಬೆರಸದ್ದು, ಆದರೆ ಘಮ ಇರುವುದು ಸಿಪ್ಪೆಯಲ್ಲಿ. ಹೇರಳೆಕಾಯಿ ಸಿಕ್ಕರೆ ಅದೇ ಇರಲಿ, ಇಲ್ಲದಿದ್ದರೆ ಎರಡು ನಿಂಬೆ. ಚೆನ್ನಾಗಿ ತೊಳೆದು ಮೇಲಿನ ಹಸಿರು-ಹಳದಿ ಪದರವನ್ನಷ್ಟೇ ತೆಳ್ಳಗೆ ಹೆರೆಯಿರಿ. 100 ಗ್ರಾಂ ಸಕ್ಕರೆ ಜೊತೆ ಕೈಯಲ್ಲಿ ತಿಕ್ಕಿ ಒಂದು ಗಂಟೆ ಬಿಡಿ. ಸಕ್ಕರೆ ಎಣ್ಣೆ ಎಳೆದುಕೊಂಡು ಒದ್ದೆ ಮರಳಿನ ಹಾಗಾಗುತ್ತದೆ. ಅದಕ್ಕೆ 100 ಎಂಎಲ್ ಮಲ್ಲಿಗೆ ನೀರು ಸೇರಿಸಿ ಕರಗುವವರೆಗೆ ಕಲಕಿ, ಸೋಸಿ. ಇದೇ ನಮ್ಮ ಪಾಕ. ಒಲೆ ಹತ್ತಿಸುವುದೇ ಬೇಡ. ಏಳೆಂಟು ಗ್ಲಾಸಿಗೆ ಆಗುತ್ತದೆ. ಫ್ರಿಜ್ಜಿನಲ್ಲಿಟ್ಟು ಎರಡು ಮೂರು ದಿನದಲ್ಲಿ ಮುಗಿಸಿ, ಆಮೇಲೆ ಘಮ ಇಳಿಯುತ್ತದೆ.

ಒಂದು ಗ್ಲಾಸಿಗೆ 45 ಎಂಎಲ್ ಜಿನ್, ಅಂದರೆ ಒಂದೂವರೆ ಸಣ್ಣ ಪೆಗ್. 20 ಎಂಎಲ್ ನಿಂಬೆರಸ, 20 ಎಂಎಲ್ ಪಾಕ. ಐಸ್ ಜೊತೆ ಹತ್ತು ಸೆಕೆಂಡು ಜೋರಾಗಿ ಕುಲುಕಿ. ಶೇಕರ್ ಇಲ್ಲದಿದ್ದರೆ ಬಿಗಿ ಮುಚ್ಚಳದ ಗಾಜಿನ ಬಾಟಲಿ ಆಗುತ್ತದೆ, ಉಪ್ಪಿನಕಾಯಿ ಇಟ್ಟಿದ್ದು ಮಾತ್ರ ಬೇಡ! ಹೊಸ ಐಸ್ ತುಂಬಿದ ಉದ್ದನೆ ಗ್ಲಾಸಿಗೆ ಸೋಸಿ, ಮೇಲೆ 90 ಎಂಎಲ್ ತಣ್ಣನೆ ಸೋಡಾ. ಸೋಡಾ ಹಾಕಿ ಕುಲುಕಿದರೆ ಮುಚ್ಚಳ ಹಾರುತ್ತದೆ. ಜಿನ್ ಲಂಡನ್ ಡ್ರೈ ಎಂಬ ಸಾದಾ ಬಗೆಯದ್ದಿರಲಿ. ಮೊದಲೇ ಪರಿಮಳ ಬೆರೆಸಿದ ಗುಲಾಬಿ ಬಣ್ಣದ್ದು ಮಲ್ಲಿಗೆಯನ್ನು ಮುಚ್ಚಿಹಾಕುತ್ತದೆ.

ಕುಡಿಯದವರಿಗೆ: ಜಿನ್‌ನ ಪರಿಮಳದಲ್ಲಿ ಕೊತ್ತಂಬರಿ ಬೀಜದ ಪಾಲೂ ಇದೆ. ಒಂದು ಚಮಚ ಬೀಜ ಕುಟ್ಟಿ, ಒಂದು ಲೋಟ ನೀರಲ್ಲಿ ನೆನೆಸಿ ಸೋಸಿ. ಜಿನ್ ಜಾಗಕ್ಕೆ ಆ ನೀರು. ಉಳಿದದ್ದೆಲ್ಲ ಅದೇ ಅಳತೆ.

ಪ್ರಶ್ನೆ: ಇದಕ್ಕೆ ಶಂಖಪುಷ್ಪ ಹಾಕಿದರೆ ರುಚಿ ಹೆಚ್ಚುತ್ತಾ?

ಉತ್ತರ: ಇಲ್ಲ, ಅದು ಸುಮ್ನೆ ನೋಡಲು. ನಾಲ್ಕೈದು ಹೂವನ್ನು ಬಿಸಿನೀರಲ್ಲಿ ನೆನೆಸಿದರೆ ಕಡುನೀಲಿ ಬರುತ್ತದೆ, ನಿಂಬೆಯ ಹುಳಿ ತಾಗಿದರೆ ನೇರಳೆಯಾಗುತ್ತದೆ. ಆರಿಸಿ, ಎಲ್ಲರೂ ನೋಡುತ್ತಿರುವಾಗ ಕೊನೆಯಲ್ಲಿ ಒಂದು ಚಮಚ ಸುರಿಯಿರಿ. ಜಾಸ್ತಿ ಹಾಕಿದರೆ ಹಸಿ ಕಾಳಿನ ರುಚಿ ಬರುತ್ತದೆ.