ಡಾಕ್ಟ್ರು ಹಟ್ಟಿಗೆ ಬಂದರೆ ಎಷ್ಟು ಖರ್ಚು, ಏಕೆ ಅಷ್ಟು ಖರ್ಚು?

ಪ್ರಶ್ನೆ: ನಮ್ಮದು ಉಡುಪಿ ಜಿಲ್ಲೆಯ ಹೆಬ್ರಿ ಪೇಟೆಯಿಂದ 12 ಕಿ.ಮೀ. ಒಳಗೆ, ತೋಟದ ಮನೆ. ಎರಡು ಜರ್ಸಿ ಮಿಶ್ರತಳಿ ದನ, ಒಂದು ಮಲೆನಾಡು ಗಿಡ್ಡ ಇವೆ. ಕಳೆದ ತಿಂಗಳು ಜರ್ಸಿ ಒಂದು ಕರು ಹಾಕಿತು. ಕರುವಿನ ಹಿಂದೆ ಬೀಳುವ ಮಾಸು ತಡವಾಗಿ ಬಿತ್ತು. ನಾಲ್ಕನೇ ದಿನ ಬೆಳಿಗ್ಗೆ ಹಿಂಡಿ ಬಿಟ್ಟಿತು. ಸಂಜೆವರೆಗೆ ನೋಡುವ ಎಂದು ಕಾದೆವು. ರಾತ್ರಿ ಮೈ ಸುಡುತ್ತಿತ್ತು, ಹಿಂದಿನಿಂದ ಕೆಟ್ಟ ವಾಸನೆಯ ನೀರು ಬೇರೆ. 11 ಗಂಟೆಗೆ ಖಾಸಗಿ ಡಾಕ್ಟ್ರನ್ನು ಕರೆಸಿದೆವು. ಅಂದು 1,800 ರೂಪಾಯಿ, ಮಾರನೇ ದಿನ 900, ಮೂರನೇ ದಿನ 700, ಅಂಗಡಿಯ ಮದ್ದಿಗೆ 1,300. ಒಟ್ಟು 4,700. ದನ ಹುಷಾರಾಯಿತು, ಆದರೆ ಎರಡು ವಾರದ ಹಾಲಿನ ದುಡ್ಡು ಅದಕ್ಕೇ ಹೋಯಿತು. ಇಷ್ಟು ಆಗಲೇಬೇಕಿತ್ತಾ?

ಉತ್ತರ: ಆಗಬೇಕಿರಲಿಲ್ಲ. ಹಾಗೆಂದು ಆ ಡಾಕ್ಟ್ರು ಹೆಚ್ಚು ತೆಗೆದುಕೊಂಡರು ಎಂದೂ ಅಲ್ಲ. ನೀವು ಬರೆದ ನಾಲ್ಕು ಮೊತ್ತಗಳನ್ನು ಬಿಡಿಸಿ ನೋಡಿದರೆ ದುಡ್ಡು ಎಲ್ಲಿ ಹೋಯಿತು ಎಂಬುದು ಗೊತ್ತಾಗುತ್ತದೆ.

ಮನೆಗೆ ಬಂದು ನೋಡುವ ವೈದ್ಯರ ಬಿಲ್ಲಿನಲ್ಲಿ ದೊಡ್ಡ ಪಾಲು ದಾರಿಯದು. ನಿಮ್ಮಲ್ಲಿಗೆ ಹೋಗಿ ಬರಲು 24 ಕಿ.ಮೀ. ಪೆಟ್ರೋಲಿಗಿಂತ ಹೊತ್ತಿನ ಲೆಕ್ಕವೇ ದೊಡ್ಡದು: ಘಾಟಿಯ ಬುಡದ ರಸ್ತೆಯಲ್ಲಿ ಹೋಗಲು ಬರಲು ಒಂದು ಗಂಟೆ, ಹಟ್ಟಿಯಲ್ಲಿ ಮುಕ್ಕಾಲು ಗಂಟೆ. ಬಯಲುಸೀಮೆಯಲ್ಲಿ ಮನೆಗಳು ಒತ್ತೊತ್ತಾಗಿರುತ್ತವೆ, ಒಂದು ಊರಿಗೆ ಹೋದ ವೈದ್ಯರು ಹತ್ತು ಹಟ್ಟಿ ನೋಡಿ ಬರಬಹುದು. ನಮ್ಮಲ್ಲಿ ಒಂದೊಂದು ಮನೆಯೂ ಅದರದೇ ಗದ್ದೆ, ತೋಟ, ತೋಡಿನ ಆಚೆ. ಒಂದು ದನಕ್ಕಾಗಿ ಒಂದು ಪ್ರಯಾಣ. ಕರಾವಳಿಯಲ್ಲಿ ಪಶುವೈದ್ಯರ ಭೇಟಿ ದುಬಾರಿಯಾಗಲು ಇದೇ ಮುಖ್ಯ ಕಾರಣ.

ಇನ್ನು ನಿಮ್ಮ ಬಿಲ್. 1,800 ರಾತ್ರಿಯ ದರ. ದನ ಮೇವು ಬಿಟ್ಟದ್ದು ಬೆಳಿಗ್ಗೆ. ಕರು ಹಾಕಿ ಹತ್ತು ದಿನದೊಳಗೆ ದನ ಹಿಂಡಿ ಮುಟ್ಟದಿದ್ದರೆ ಅದು ಅದೇ ದಿನ, ಹಗಲು ಹೊತ್ತಿನಲ್ಲೇ ಹೇಳಬೇಕಾದ ವಿಷಯ. 900 ಮತ್ತು 700 ಬಹುಪಾಲು ಮುಂದುವರಿದ ಇಂಜೆಕ್ಷನ್‌ಗೆ ಹೋದ ದುಡ್ಡು. ಗರ್ಭಕೋಶದ ಸೋಂಕಿಗೆ ಆ್ಯಂಟಿಬಯೋಟಿಕ್ ಮೂರರಿಂದ ಐದು ದಿನ ಬೇಕು, ನಿಲ್ಲಿಸುವಂತಿಲ್ಲ. ಆದರೆ ಮಾಂಸಖಂಡಕ್ಕೆ ಕೊಡುವ ಇಂಜೆಕ್ಷನ್ ಆದರೆ ಪ್ರತಿ ದಿನ ವೈದ್ಯರೇ 24 ಕಿ.ಮೀ. ಓಡಾಡಬೇಕಿಲ್ಲ. ಮೊದಲ ದಿನವೇ ಮದ್ದಿನ ಹೆಸರು, ಪ್ರಮಾಣ, ಎಷ್ಟು ದಿನ ಎಂದು ಚೀಟಿಯಲ್ಲಿ ಬರೆಸಿಕೊಂಡು, ನಿಮ್ಮ ಭಾಗದ ಪಶುವೈದ್ಯಕೀಯ ಪರಿವೀಕ್ಷಕರಿಂದ ವೈದ್ಯರ ಸೂಚನೆಯಂತೆ ಹಾಕಿಸಬಹುದು. ರಕ್ತನಾಳಕ್ಕೆ ಕೊಡುವುದಾದರೆ ಮಾತ್ರ ವೈದ್ಯರೇ ಬರಲಿ. ‘ನಾಳೆ ನೀವೇ ಬರಬೇಕಾ, ಚೀಟಿ ಕೊಟ್ಟರೆ ಆಗ್ತದಾ’ ಎಂದು ಕೇಳಲು ಸಂಕೋಚ ಬೇಡ. ದಾರಿ ಉಳಿದರೆ ವೈದ್ಯರಿಗೂ ಹೊತ್ತು ಉಳಿಯುತ್ತದೆ.

ಮುಂದಿನ ಸಲಕ್ಕೆ ಒಂದು ಥರ್ಮಾಮೀಟರ್ ತಂದಿಡಿ. ಮೆಡಿಕಲ್‌ನಲ್ಲಿ ಸಿಗುವ ಸಾಮಾನ್ಯ ಡಿಜಿಟಲ್ ಥರ್ಮಾಮೀಟರ್ ಸಾಕು. ಹಿಂಬದಿಗೆ ನೂಲು ಕಟ್ಟಿ, ತುದಿಗೆ ಸ್ವಲ್ಪ ತೆಂಗಿನೆಣ್ಣೆ ಸವರಿ, ಗುದದ್ವಾರದಲ್ಲಿ ಒಳಗೋಡೆಗೆ ತಾಗುವಂತೆ ಓರೆಯಾಗಿ ಇಡಿ. ಸೆಗಣಿಯ ನಡುವೆ ನಿಂತರೆ ತಪ್ಪು ತೋರಿಸುತ್ತದೆ. ದನದ ಮಾಮೂಲಿ ಬಿಸಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಮಿಶ್ರತಳಿ ದನ ಏದುಸಿರು ಬಿಡುವಾಗ ಇದು ಹೆಚ್ಚಿರುತ್ತದೆ, ಹಾಗಾಗಿ ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೇ ನೋಡಿ. ಕರು ಹಾಕಿದ ಮೊದಲ ಹತ್ತು ದಿನ ಹೀಗೆ ನೋಡಿ ಬರೆದಿಟ್ಟರೆ, 103 ದಾಟಿದ ದಿನವೇ ಬೆಳಿಗ್ಗೆ 8 ಗಂಟೆಗೆ ನೀವು ಫೋನ್ ಮಾಡುತ್ತೀರಿ. ರಾತ್ರಿ ದರ ಉಳಿಯುತ್ತದೆ, ಸೋಂಕು ರಕ್ತಕ್ಕೆ ಏರುವ ಮೊದಲು ಮದ್ದು ಬೀಳುತ್ತದೆ.

ಉಳಿಸಲು ಹೋಗಿ ಕಳೆದುಕೊಳ್ಳುವ ಸಂದರ್ಭಗಳೂ ಇವೆ. ಯಾವುದು ಬೆಳಗಿನವರೆಗೆ ಕಾಯಬಹುದು, ಯಾವುದು ಕಾಯಬಾರದು ಎಂದು ಮನೆಯಲ್ಲಿ ಹಾಲು ಕರೆಯುವವರಿಗೆ ತಿಳಿದಿರಲೇಬೇಕು.

ಹಾಲುಜ್ವರ ಕಾಯುವುದಿಲ್ಲ. ಹೆಸರು ಜ್ವರವಾದರೂ ಇದರಲ್ಲಿ ಮೈ ತಣ್ಣಗಾಗುತ್ತದೆ. ಮೂರನೇ ಕರುವಿನ ನಂತರದ, ಹೆಚ್ಚು ಹಾಲು ಕೊಡುವ ದನ ಕರು ಹಾಕಿ ಮೂರು ದಿನದೊಳಗೆ ತೂರಾಡಿದರೆ, ಕಿವಿ ತಣ್ಣಗಾಗಿ ಮಲಗಿ ಕುತ್ತಿಗೆಯನ್ನು ಪಕ್ಕೆಗೆ ತಿರುಗಿಸಿದರೆ, ರಕ್ತದಲ್ಲಿ ಸುಣ್ಣದ ಅಂಶ (ಕ್ಯಾಲ್ಸಿಯಂ) ಇಳಿದಿದೆ. ಎಷ್ಟೇ ರಾತ್ರಿಯಾದರೂ ಕರೆಸಿ. ತಡವಾದಂತೆ ಮೈಭಾರಕ್ಕೆ ಕಾಲಿನ ಸ್ನಾಯು ನಜ್ಜಾಗುತ್ತದೆ. ಆಮೇಲೆ ಕ್ಯಾಲ್ಸಿಯಂ ಕೊಟ್ಟರೂ ದನ ಏಳದು. ವೈದ್ಯರು ಬರುವವರೆಗೆ ಎದೆಯ ಮೇಲೆ ಕೂತಂತೆ ಇರಿಸಿ, ಎರಡೂ ಬದಿಗೆ ಬೈಹುಲ್ಲಿನ ಗೋಣಿ ಒತ್ತಿಡಿ. ಬಾಯಿಗೆ ಗಂಜಿ, ಜೆಲ್, ನೀರು ಯಾವುದನ್ನೂ ಹೊಯ್ಯಬೇಡಿ, ನುಂಗುವ ಶಕ್ತಿ ಇಲ್ಲದೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಕ್ಯಾಲ್ಸಿಯಂ ಬಾಟ್ಲಿಯನ್ನು ರಕ್ತನಾಳಕ್ಕೆ ಸಾವಕಾಶ, ಹೃದಯದ ಬಡಿತ ಆಲಿಸುತ್ತಾ ಕೊಡಬೇಕು. ಬೇಗ ಬಿಟ್ಟರೆ ಹೃದಯವೇ ನಿಲ್ಲುತ್ತದೆ. ಆದ್ದರಿಂದ ಊರಿನಲ್ಲಿ ಯಾರೋ ಕಡಿಮೆ ದುಡ್ಡಿಗೆ ಹಾಕುತ್ತಾರೆ ಎಂದು ಇದನ್ನು ಹಾಕಿಸಲೇಬೇಡಿ.

ಹೊಟ್ಟೆ ಉಬ್ಬರವೂ ಹಾಗೆಯೇ. ಎಡಪಕ್ಕೆ ಚೆಂಡೆಯಂತೆ ಬಿಗಿದು ದನ ಬಾಯಿ ತೆರೆದು ಉಸಿರಾಡಿದರೆ ಗಂಟೆಗಳೂ ಇಲ್ಲ. ಮುಂಗಾಲು ಎತ್ತರದಲ್ಲಿರುವಂತೆ ನಿಲ್ಲಿಸಿ, ಬಾಯಿಗೆ ಅಡ್ಡ ಕೋಲು ಕಟ್ಟಿದರೆ ಜಗಿಯುತ್ತಾ ಗಾಳಿ ಬಿಡುತ್ತದೆ. ನುಂಗುತ್ತಿದ್ದರೆ ಮಾತ್ರ 250 ಮಿ.ಲೀ. ಅಡುಗೆ ಎಣ್ಣೆಯನ್ನು ತಲೆ ಎತ್ತಿ ಹಿಡಿಯದೆ, ನಾಲಿಗೆ ಎಳೆಯದೆ, ಸ್ವಲ್ಪ ಸ್ವಲ್ಪವೇ ಹಾಕಿ. ನಮ್ಮ ಜಿಲ್ಲೆಗಳಲ್ಲಿ ಹಲಸಿನ ಕಾಲದಲ್ಲಿ, ಮದುವೆ, ಭೂತಕೋಲದ ಮಾರನೇ ದಿನ ಕಾಣುವುದು ಇನ್ನೊಂದು ಬಗೆ: ಹಲಸಿನ ತೊಳೆ ಅಥವಾ ಉಳಿದ ಅನ್ನ ಹೆಚ್ಚು ತಿಂದು ಹೊಟ್ಟೆ ಹುಳಿಯುವುದು. ಉಬ್ಬರ ಕಾಣುವ ಮೊದಲೇ ದನ ಮಂಕಾಗಿ, ಸೆಗಣಿ ನೀರಾಗಿ ಹುಳಿ ವಾಸನೆ ಬರುತ್ತದೆ. ಎಷ್ಟು ತಿಂದಿತು, ಯಾವಾಗ ತಿಂದಿತು ಎಂದು ನಾಚಿಕೆಪಡದೆ ಫೋನಿನಲ್ಲೇ ಹೇಳಿ. ಆಗ ವೈದ್ಯರು ಅದಕ್ಕೆ ಬೇಕಾದ ದ್ರವದ ಬಾಟ್ಲಿ ಹಿಡಿದುಕೊಂಡೇ ಹೊರಡುತ್ತಾರೆ, ಎರಡನೇ ಓಡಾಟ ತಪ್ಪುತ್ತದೆ.

ಹೆರಿಗೆಯಲ್ಲಿ ನೀರಿನ ಚೀಲ ಒಡೆದು ಒಂದು ಗಂಟೆ ತಿಣುಕಿದರೂ ಮುಂದುವರಿಯದಿದ್ದರೆ, ಒಂದೇ ಕಾಲು ಅಥವಾ ಬಾಲ ಕಂಡರೆ ಕರೆಯಿರಿ. ನಾಲ್ಕು ಜನ ಸೇರಿ ಹಗ್ಗ ಕಟ್ಟಿ ಎಳೆದ ಮೇಲೆ ಬರುವ ವೈದ್ಯರಿಗೆ ಹರಿದ ಗರ್ಭಕೋಶವನ್ನೂ ನೋಡಬೇಕಾಗುತ್ತದೆ, ಬಿಲ್ಲೂ ಹಾಗೆಯೇ ಏರುತ್ತದೆ. ಗರ್ಭಕೋಶವೇ ಹೊರಬಿದ್ದರೆ ಒದ್ದೆ ಮಾಡಿದ ಶುಭ್ರ ಬೆಡ್‌ಶೀಟಿನಲ್ಲಿ ಎತ್ತಿ ಹಿಡಿದುಕೊಳ್ಳಿ, ನೆಲಕ್ಕೆ ತಾಗಲು, ನಾಯಿ, ಕಾಗೆ ಹತ್ತಿರ ಬರಲು ಬಿಡಬೇಡಿ.

ಕಾಯಬಹುದಾದದ್ದು: ಮಾಸು ಬೀಳದಿರುವುದು. ದನ ತಿನ್ನುತ್ತಿದ್ದು ಜ್ವರ ಇಲ್ಲದಿದ್ದರೆ 12 ಗಂಟೆ ಕಾದು, ಬೆಳಿಗ್ಗೆ ಹೇಳಿದರೆ ಸಾಕು. ಅದಕ್ಕೆ ಕಲ್ಲು, ಹಳೆ ಚಪ್ಪಲಿ ಕಟ್ಟಬೇಡಿ, ಕೈಹಾಕಿ ಎಳೆಯಲೂ ಬೇಡಿ. ಹಾಗೆ ಮಾಡಿದರೆ ನಿಮ್ಮ ದನಕ್ಕೆ ಆದಂತಹ ಸೋಂಕಿನ ಅಪಾಯ ಹೆಚ್ಚು. ಕೆಚ್ಚಲು ಬಾವಿನಲ್ಲಿ ಹಾಲು ಒಡೆದಂತೆ ಬಂದರೂ ದನ ಚುರುಕಾಗಿದ್ದರೆ ಹಗಲಿಗೆ ಆಗುತ್ತದೆ. ಹಾಲು ನೀರಾಗಿ, ಕಿವಿ ತಣ್ಣಗಾಗಿ, ದನ ಮಲಗಿದರೆ ಕೂಡಲೇ ಕರೆಸಬೇಕು. ಕರೆಯುವಾಗ ಬರುವ ಹಾಲಿನ ಮೊದಲ ಮೂರು ಹನಿಯನ್ನು ಕಪ್ಪು ಬಟ್ಟೆಯ ಮೇಲೆ ಹಿಂಡಿ ನೋಡುವ ಅಭ್ಯಾಸವಿದ್ದರೆ ಕೆಚ್ಚಲು ಬಾವು ಒಂದು ದಿನ ಮೊದಲೇ ಸಿಕ್ಕಿಬೀಳುತ್ತದೆ. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ, ಅಥವಾ 105 ಡಿಗ್ರಿ ಜ್ವರದೊಂದಿಗೆ ಹೆಗಲ ಮುಂದಿನ ಗಂಟು ದಪ್ಪವಾದರೆ ಉಣ್ಣಿಯಿಂದ ಬರುವ ರೋಗದ ಅನುಮಾನ, ಅದೇ ದಿನ ತೋರಿಸಬೇಕು. ಈ ರೋಗಗಳಲ್ಲಿ ವೈದ್ಯರ ಫೀಸಿಗಿಂತ ಮದ್ದೇ ದುಬಾರಿ. ಹಟ್ಟಿಯ ಗೋಡೆಯ ಬಿರುಕುಗಳಿಗೆ ಸುಣ್ಣ ಮೆತ್ತಿ ಉಣ್ಣಿ ಕಡಿಮೆ ಮಾಡುವುದಕ್ಕೆ ಅಷ್ಟು ಖರ್ಚಿಲ್ಲ.

ಫೋನ್ ಮಾಡುವಾಗ ‘ದನಕ್ಕೆ ಹುಷಾರಿಲ್ಲ, ಬೇಗ ಬನ್ನಿ’ ಎಂದಷ್ಟೇ ಹೇಳಿದರೆ ವೈದ್ಯರು ಚೀಲದಲ್ಲಿ ಏನಿದೆಯೋ ಅದರೊಂದಿಗೆ ಬರುತ್ತಾರೆ. ಕರು ಹಾಕಿ ಎಷ್ಟು ದಿನ, ಎಷ್ಟನೇ ಕರು, ಜ್ವರ ಎಷ್ಟು, ಮೆಲುಕು ಹಾಕುತ್ತಿದೆಯೇ, ಸೆಗಣಿ ಹೇಗಿದೆ, ಹಾಲು ಎಷ್ಟು ಇಳಿಯಿತು, ಗಬ್ಬವಾಗಿದೆಯೇ ಇಷ್ಟನ್ನು ಹೇಳಿ, ಅರ್ಧ ನಿಮಿಷದ ವಿಡಿಯೋ ಕಳಿಸಿ. ಅಡಿಕೆಗೆ ಮೈಲುತುತ್ತು ಹೊಡೆದ ತೋಟದ ಹುಲ್ಲು ಹಾಕಿದ್ದರೆ ಅದನ್ನೂ ಹೇಳಿ, ತಾಮ್ರದ ವಿಷಕ್ಕೆ ಚಿಕಿತ್ಸೆ ಬೇರೆ. ಲೊಕೇಶನ್ ಕಳಿಸಿ, ಮಳೆಗಾಲದಲ್ಲಿ ಕಾರು ಎಲ್ಲಿವರೆಗೆ ಬರುತ್ತದೆ, ಸಂಕ (ಕಾಲುಸೇತುವೆ) ದಾಟಬೇಕೇ ಎಂದು ತಿಳಿಸಿ, ರಸ್ತೆಬದಿಗೆ ಒಬ್ಬರನ್ನು ನಿಲ್ಲಿಸಿ. ದನವನ್ನು ಗುಡ್ಡೆಯಿಂದ ಹಿಡಿದು ತಂದು ಕಟ್ಟಿಟ್ಟಿರಿ. ಗಿಡ್ಡವಾದರೆ ಹಿಡಿಯಲು ಇಬ್ಬರು ಬೇಕು. ಬಿಸಿನೀರು, ಸಾಬೂನು, ಬಕೆಟ್, ಕರೆಂಟ್ ಹೋದರೆ ಟಾರ್ಚು, ಹಿಂದಿನ ಚೀಟಿ, ದನದ ಕಿವಿಯೋಲೆಯ 12 ಅಂಕಿಯ ಗುರುತು ಸಂಖ್ಯೆ ಇವೆಲ್ಲ ಕೈಗೆಟುಕುವಂತಿರಲಿ. ಹೊರಡುವ ಮೊದಲೇ ‘ಬಂದು ಹೋಗಲು ಎಷ್ಟಾಗ್ತದೆ, ಮದ್ದು ಬೇರೆಯಾ’ ಎಂದು ಕೇಳಿಕೊಳ್ಳಿ. ಇದನ್ನು ಯಾವ ಒಳ್ಳೆಯ ವೈದ್ಯರೂ ತಪ್ಪು ತಿಳಿಯುವುದಿಲ್ಲ.

ಪ್ರಶ್ನೆ: ಸರ್ಕಾರದ್ದು ಉಚಿತ ಎನ್ನುತ್ತಾರೆ. ಯಾರನ್ನು ಮೊದಲು ಕರೆಯಬೇಕು? (ಬ್ರಹ್ಮಾವರ)

ಉತ್ತರ: ಹಗಲಾದರೆ ಮೊದಲು ನಿಮ್ಮ ಪಶು ಆಸ್ಪತ್ರೆ, ಅಥವಾ 1962. ಇದು ಟೋಲ್ ಫ್ರೀ. ಕರೆ ಮಾಡಿದರೆ ವೈದ್ಯರು, ಸಹಾಯಕರು ಇರುವ ಸಂಚಾರಿ ಪಶು ಚಿಕಿತ್ಸಾ ವಾಹನ ಮನೆಬಾಗಿಲಿಗೆ ಬರುವ ವ್ಯವಸ್ಥೆ. ಆದರೆ ಒಂದು ಗಾಡಿಗೆ ಬಹಳ ಊರು. ಆದ್ದರಿಂದ ಬೆಳಿಗ್ಗೆಯೇ ಕರೆ ಮಾಡಿ, ಎಷ್ಟು ಹೊತ್ತಿನವರೆಗೆ ಬರುತ್ತಾರೆ ಎಂದು ದನ ಹುಷಾರಿರುವಾಗಲೇ ಕೇಳಿಟ್ಟುಕೊಳ್ಳಿ. ನೀವು ಹಾಲಿನ ಸೊಸೈಟಿಯ ಸದಸ್ಯರಾದರೆ ದಕ್ಷಿಣ ಕನ್ನಡ ಹಾಲು ಒಕ್ಕೂಟದ ಪಶುವೈದ್ಯರ ಸೇವೆಯೂ ಇದೆ. ನಿಮ್ಮ ಭಾಗದಲ್ಲಿ ಯಾರು, ಸದಸ್ಯರ ದರ ಎಷ್ಟು ಎಂದು ಕಾರ್ಯದರ್ಶಿಯವರಲ್ಲಿ ಕೇಳಿ. ಆಸ್ಪತ್ರೆಯಲ್ಲಿ ದಾಸ್ತಾನು ಇಲ್ಲದ ಮದ್ದನ್ನು ಹೊರಗೆ ಕೊಳ್ಳಬೇಕಾಗುತ್ತದೆ, ಅದು ವೈದ್ಯರ ಫೀಸಲ್ಲ.

ಕಾಲುಬಾಯಿ ಜ್ವರದ ಲಸಿಕೆ ಆರು ತಿಂಗಳಿಗೊಮ್ಮೆ ಉಚಿತವಾಗಿ ಹಾಕುತ್ತಾರೆ. 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಕಂದುರೋಗದ (ಗಬ್ಬ ಬೀಳಿಸುವ ಬ್ರುಸೆಲ್ಲೋಸಿಸ್) ಲಸಿಕೆ ಒಮ್ಮೆ, ಅದೂ ಉಚಿತ. ಹಾಲು ಕಡಿಮೆಯಾಗುತ್ತದೆ ಎಂದು ಆ ದಿನ ದನವನ್ನು ಗುಡ್ಡೆಗೆ ಅಟ್ಟುವವರಿದ್ದಾರೆ. ಹಾಲು ಇಳಿದರೂ ಕೆಲವೇ ದಿನ. ಕಾಲುಬಾಯಿ ಬಂದರೆ ಆ ಸೂಲಿನ ಹಾಲೇ ಹೋಗುತ್ತದೆ.

ಖಾಸಗಿಯವರನ್ನು ಕರೆಸುವಾಗ ನೋಂದಾಯಿತ ಪಶುವೈದ್ಯರೇ ಎಂದು ನೋಡಿ. 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆಯ ಪ್ರಕಾರ ಚಿಕಿತ್ಸೆ ನೀಡಲು ಅವರಿಗಷ್ಟೇ ಅಧಿಕಾರ. ಉಳಿದ ಸಿಬ್ಬಂದಿ ಸಣ್ಣಪುಟ್ಟ ಸೇವೆಗಳನ್ನು ಅವರ ನಿರ್ದೇಶನದಲ್ಲಿ ಮಾಡಬಹುದು.

ಪ್ರಶ್ನೆ: ನಾಲ್ಕು ಆಡು ಇವೆ. ಡಾಕ್ಟ್ರನ್ನು ಕರೆಸಿದರೆ ಆಡಿನ ಬೆಲೆಯೇ ಹೋಗುತ್ತದೆ. (ಮಂಗಳೂರು, ಬಜಪೆ)

ಉತ್ತರ: ಆಡನ್ನು ರಿಕ್ಷಾದಲ್ಲಿ ಆಸ್ಪತ್ರೆಗೆ ಒಯ್ಯಿರಿ, ದನಕ್ಕಿಲ್ಲದ ಅನುಕೂಲ ಅದು. ಜಂತುಹುಳುವಿನ ಮದ್ದು, ಲಸಿಕೆಗಳಿಗೆ ಮಾತ್ರ ನೆರೆಮನೆಯವರೊಂದಿಗೆ ಸೇರಿ ಒಂದೇ ದಿನ ಕರೆಸಿ. ದನ ಸಾಕುವವರಿಗೂ ಇದು ಅನ್ವಯಿಸುತ್ತದೆ: ಎರಡು ತಿಂಗಳ ಗಬ್ಬ ಪರೀಕ್ಷೆ, ಎಳೆಗರುವಿನ ಕೊಂಬು ಸುಡುವುದು ಇವೆಲ್ಲ ತುರ್ತಿನದಲ್ಲ. ಅಕ್ಕಪಕ್ಕದ ನಾಲ್ಕು ಮನೆಯವರು ಮೂರು ದಿನ ಮೊದಲೇ ಹೇಳಿ ಒಂದು ಬೆಳಿಗ್ಗೆ ಗೊತ್ತುಮಾಡಿದರೆ ದಾರಿಯ ಖರ್ಚು ನಾಲ್ಕು ಪಾಲಾಗುತ್ತದೆ. ಕೆಲಸದ ದರವನ್ನು ಅವರವರೇ ಕೊಡಲಿ.

ಪ್ರಶ್ನೆ: ವಿಮೆ ಮಾಡಿಸಿದರೆ ಡಾಕ್ಟ್ರ ಖರ್ಚು ಸಿಗುತ್ತದೆಯೇ? (ಕಾರ್ಕಳ)

ಉತ್ತರ: ಸಾಮಾನ್ಯವಾಗಿ ಇಲ್ಲ. ಜಾನುವಾರು ವಿಮೆ ದನ ಸತ್ತರೆ ಕೊಡುವ ದುಡ್ಡು, ಚಿಕಿತ್ಸೆಗಲ್ಲ. ಆದರೂ ಮಾಡಿಸಿ. ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ 2024ರಿಂದ ಕಂತಿನಲ್ಲಿ ಸಾಕುವವರ ಪಾಲು ಶೇ. 15ಕ್ಕೆ ಇಳಿದಿದೆ, ಉಳಿದದ್ದು ಕೇಂದ್ರ ಮತ್ತು ರಾಜ್ಯದ್ದು. ಚಿಕಿತ್ಸೆಯ ಚೀಟಿಗಳನ್ನು ಎಸೆಯಬೇಡಿ. ದನ ಸತ್ತಾಗ ಅದಕ್ಕೆ ಮದ್ದು ಮಾಡಿಸಿದ್ದಿರಿ ಎಂಬುದಕ್ಕೆ ಅವೇ ಆಧಾರ. ಕಿವಿಯೋಲೆ ಬಿದ್ದುಹೋದರೆ ಅಂದೇ ತಿಳಿಸಿ ಬೇರೆ ಹಾಕಿಸಿ. ದನ ಸತ್ತರೆ ಹೂಳುವ ಮೊದಲು ವಿಮಾ ಕಚೇರಿಗೂ ಪಶು ಆಸ್ಪತ್ರೆಗೂ ಹೇಳಿ, ಮರಣೋತ್ತರ ಪರೀಕ್ಷೆ ಆಗುವವರೆಗೆ ಕಿವಿಯನ್ನೂ ಓಲೆಯನ್ನೂ ಮುಟ್ಟಬೇಡಿ.