ಹ್ಯಾಮ್ ಪ್ರಶ್ನೋತ್ತರ: ಸಿಗ್ನಲ್ ಜೋರು, ಮಾತು ಗೊರಗೊರ

ಪ್ರಶ್ನೆ: ಹೋದ ವರ್ಷ ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸ್ ಬಂತು. ಹಳೆಯ ಟ್ರಾನ್ಸೀವರ್ (ಕಳಿಸುವ, ಕೇಳುವ ಎರಡೂ ಕೆಲಸದ ಸೆಟ್) ಒಂದನ್ನು ಕೊಂಡು 40 ಮೀಟರ್ (ಅಲೆಯ ಉದ್ದ) ಬ್ಯಾಂಡಿನಲ್ಲಿ ಮಾತಾಡುತ್ತೇನೆ. ಅಡಿಕೆ ಮರಕ್ಕೆ ಕಟ್ಟಿದ ಇನ್ವರ್ಟೆಡ್ ವಿ (ನಡು ಮೇಲೆ, ಎರಡು ಕಾಲು ಕೆಳಗಿಳಿದ ತಂತಿ) ಆಂಟೆನಾ. 10 ವ್ಯಾಟಿನಲ್ಲಿ ನನ್ನ ಮಾತು ಸ್ಪಷ್ಟವಾಗಿದೆಯಂತೆ. 50ಕ್ಕೆ ಏರಿಸಿದರೆ ಬಾಯಲ್ಲಿ ನೀರು ತುಂಬಿಕೊಂಡು ಮಾತಾಡಿದ ಹಾಗಿದೆ ಅಂತಾರೆ. ಆದರೂ ಪೂರ್ತಿ ಅಂಕ, 59, ಕೊಡುತ್ತಾರೆ! ಮೈಕ್ ಬದಲಿಸಿದೆ, ಅದೇ ಕಥೆ. ಸೆಟ್ ಬಿಚ್ಚಿಸಬೇಕಾ?
– ಶಿರಸಿಯಿಂದ ಒಬ್ಬ ಓದುಗರು

ಉತ್ತರ: ಸ್ಕ್ರೂಡ್ರೈವರ್ ಮೊದಲು ಡ್ರಾಯರಿಗೆ ಹಾಕಿ. 59 ಅನ್ನುವುದು ನಮ್ಮವರಿಗೆ ನಮಸ್ಕಾರ ಹೇಳಿದಷ್ಟೇ ಸಲೀಸು, ಅದನ್ನು ನಂಬಬೇಡಿ. ಮೊದಲ ಅಂಕಿ ಮಾತು ಎಷ್ಟು ತಿಳಿಯುತ್ತದೆ ಅನ್ನುವುದಕ್ಕೆ (5ಕ್ಕೆ), ಎರಡನೆಯದು ಸಿಗ್ನಲ್ ಎಷ್ಟು ಜೋರು ಅನ್ನುವುದಕ್ಕೆ (9ಕ್ಕೆ). ನಿಮ್ಮದು 39 ಇರಬೇಕು. ಬ್ಯಾಂಡಿನಲ್ಲಿ ಸಿಗುವ ಗೆಳೆಯರೊಬ್ಬರಿಗೆ ನಿಮ್ಮ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ವಾಟ್ಸಾಪ್ ಮಾಡಲು ಹೇಳಿ. ನೀವೇ ಕೇಳಿದರೆ ಅರ್ಧ ಗೊತ್ತಾಗುತ್ತದೆ.

10 ವ್ಯಾಟಿನಲ್ಲಿ ಚೆನ್ನಾಗಿದೆ ಅಂದಿರಲ್ಲ, ನಿಮ್ಮ ಪತ್ರದಲ್ಲಿ ಇದೇ ಮುಖ್ಯ ಮಾತು. ಸೆಟ್ಟಿನ ಮೈಕ್ ಭಾಗ ಕೆಟ್ಟಿದ್ದರೆ 10 ವ್ಯಾಟಿನಲ್ಲೂ ಗೊರಗೊರ ಅನ್ನಬೇಕಿತ್ತು. ಪವರ್ ಏರಿಸಿದಾಗ ಜಾಸ್ತಿ ಆಗುವುದು ಎರಡು: ಸೆಟ್ ಎಳೆಯುವ ಕರೆಂಟು, ಆಂಟೆನಾದಿಂದ ವಾಪಸ್ ಮನೆಯೊಳಗೆ ನುಗ್ಗುವ ರೇಡಿಯೊ ಶಕ್ತಿ, ಅಂದರೆ ಆರ್‌ಎಫ್.

ಯಾವುದು ಅಂತ ತಿಳಿಯಲು ಆಂಟೆನಾ ಬಿಚ್ಚಿ 50 ಓಮ್ ಡಮ್ಮಿ ಲೋಡ್ (ಪವರನ್ನು ಹೊರಬಿಡದೆ ನುಂಗಿ ಬಿಸಿಯಾಗುವ ರೆಸಿಸ್ಟರ್) ಹಾಕಿ. ಪಕ್ಕದ ಕೋಣೆಯಲ್ಲಿ ಇನ್ನೊಂದು ರಿಸೀವರ್ ಇಟ್ಟು, ಅದಕ್ಕೆ ಆಂಟೆನಾ ಹಾಕದೆ, ಇಯರ್‌ಫೋನಿನಲ್ಲಿ ಯಾರಾದರೂ ಕೇಳಲಿ. 50 ವ್ಯಾಟಿನಲ್ಲಿ ಮಾತಾಡಿ. ಆಗಲೂ ಗೊರಗೊರ ಅಂದರೆ ಕೈ ಪವರ್ ಸಪ್ಲೈ ಕಡೆ ಹೋಗಲಿ. ಮಲ್ಟಿಮೀಟರನ್ನು ಸಪ್ಲೈ ಬಾಯಿಗಲ್ಲ, ಸೆಟ್ಟಿನ ಹಿಂಬದಿಗೆ ಹಿಡಿದು ‘ಆ...’ ಅಂತ ಎಳೆಯಿರಿ. 13.8 ವೋಲ್ಟ್ ಇದ್ದದ್ದು 12ರ ಕೆಳಗೆ ಕುಸಿದರೆ ಕಳ್ಳ ಸಿಕ್ಕ. ಎಷ್ಟೋ ಸಲ ಸಪ್ಲೈ ಸರಿ ಇರುತ್ತದೆ, ತಂತಿ ತೆಳು. 1 ಚದರ ಮಿಲಿಮೀಟರಿನ ತಂತಿ, ಹೋಗಿ ಬರುವ ದಾರಿ 4 ಮೀಟರ್, ಕರೆಂಟು 15 ಆಂಪಿಯರ್ ಅಂದರೆ ತಂತಿಯಲ್ಲೇ ಒಂದು ವೋಲ್ಟ್ ಕರಗುತ್ತದೆ. ತುಕ್ಕು ಹಿಡಿದ ಫ್ಯೂಸ್ ಹೋಲ್ಡರ್ ಇನ್ನಷ್ಟು ತಿನ್ನುತ್ತದೆ.

ಆದರೆ ಡಮ್ಮಿ ಲೋಡಿನಲ್ಲಿ ಮಾತು ಸ್ಪಷ್ಟ, ಆಂಟೆನಾ ಹಾಕಿದಾಗ ಮಾತ್ರ ಗೊರಗೊರ ಅಂದರೆ ಆರ್‌ಎಫ್ ಮೈಕಿಗೆ ನುಗ್ಗುತ್ತಿದೆ. ನಿಮ್ಮದು ಇದೇ ಅಂತ ನನ್ನ ಅನುಮಾನ. ನನಗೂ ಹೀಗೇ ಆಗಿತ್ತು. ಎರಡು ರಾತ್ರಿ ಕೂತು ಮೈಕಿನ ಕನೆಕ್ಟರ್ ಮತ್ತೆ ಬೆಸುಗೆ ಹಾಕಿದೆ, ಎಲಿಮೆಂಟ್ ಬದಲಿಸಿದೆ, ಒಂದು ಕೆಪಾಸಿಟರ್ ಸುಟ್ಟೂ ಹಾಕಿದೆ. ಮೂರನೆಯ ದಿನ ಹೆಂಡತಿ ನಡುಮನೆಯಿಂದ ಕೂಗಿದಳು: ‘ಕಂಪ್ಯೂಟರ್ ಆಫ್ ಆಗಿದೆ, ಸ್ಪೀಕರ್ ಮಾತ್ರ ನಿಮ್ಮ ಹಾಗೇ ಗೊಣಗುತ್ತಿದೆ!’ ಆಮೇಲೆ ನೆನಪಾಯಿತು, ಮೈಕಿನ ಲೋಹದ ಜಾಲರಿ ತಾಗಿದಾಗ ತುಟಿಗೆ ಚುರ್ ಅಂತಿತ್ತು. ಅದು ಸೆಟ್ಟಿನ ರೋಗವಲ್ಲ. ಸೆಟ್ಟಿನಿಂದ ಆಂಟೆನಾಕ್ಕೆ ಹೋಗುವ ಕೋಆಕ್ಸ್ ಕೇಬಲಿನ ಹೊರಕವಚವೇ ಆಂಟೆನಾ ಆಗಿ ಆರ್‌ಎಫನ್ನು ನನ್ನ ಮೇಜಿಗೆ ತಂದು ಸುರಿಯುತ್ತಿತ್ತು.

ಇನ್ವರ್ಟೆಡ್ ವಿಗೆ ಬಾಲನ್, ಅಂದರೆ ಕವಚದ ಮೇಲೆ ಆರ್‌ಎಫ್ ಹರಿಯದಂತೆ ತಡೆಯುವ ಭಾಗ, ಹಾಕಿದ್ದೀರಾ? ಪತ್ರದಲ್ಲಿ ಬರೆದಿಲ್ಲ, ಹಾಕಿರಲಿಕ್ಕಿಲ್ಲ. ದುಬಾರಿ ಬಾಲನ್ ಬೇಕಿಲ್ಲ. ಆರ್‌ಜಿ-58 ಅನ್ನುವ ತೆಳು ಕೇಬಲ್ ಆದರೆ ಸುಮಾರು 6 ಮೀಟರ್ ಕೋಆಕ್ಸನ್ನು ಬಕೆಟ್ಟಿನ ಅಳತೆಗೆ 8 ಸುತ್ತು ಸುತ್ತಿ, ಸುತ್ತುಗಳು ಒಂದರ ಮೇಲೊಂದು ಏರದಂತೆ ಪಕ್ಕಪಕ್ಕದಲ್ಲೇ ಕಟ್ಟಿ. ಅದನ್ನು ಆಂಟೆನಾದ ನಡುಮಧ್ಯೆ, ತಂತಿಗೆ ಕೇಬಲ್ ಸೇರುವ ಜಾಗದಲ್ಲೇ ನೇತುಹಾಕಿ. ಕೆಳಗೆ ಸೆಟ್ಟಿನ ಹತ್ತಿರ ಅಲ್ಲ! ಕೇಬಲ್ ಅಲ್ಲಿಂದ ನೆಟ್ಟಗೆ ಕೆಳಗಿಳಿಯಲಿ. ಅಡಿಕೆ ಮರದ ಪಕ್ಕಕ್ಕೆ ಸುಮ್ನೆ ಎಳೆದುಕೊಂಡು ಹೋಗಿ ಆಂಟೆನಾದ ಒಂದು ಕಾಲಿಗೆ ಒರಗಿಸಿದರೆ ಪಟ್ಟ ಶ್ರಮವೆಲ್ಲ ದಂಡ.

ಮೈಕ್ ವಯರಿಗೂ ಆರ್‌ಎಫ್ ತಡೆಯುವ ಒಂದು ಫೆರೈಟ್ ಕ್ಲಿಪ್ ಇರಲಿ. ಬೆಂಗಳೂರಿಗೆ ಹೋದಾಗ ಎಸ್.ಪಿ. ರಸ್ತೆಯಲ್ಲಿ ಹುಡುಕಿ. ದೊಡ್ಡ ತೂತಿನದು ಕೊಂಡು ವಯರನ್ನು ಮೂರು ಸುತ್ತು ತೂರಿಸಿ. ಒಂದೇ ಸಲ ತೂರಿಸಿದ್ದಕ್ಕಿಂತ ಸುಮಾರು ಒಂಬತ್ತು ಪಟ್ಟು ತಡೆ ಸಿಗುತ್ತದೆ. ಮಿಕ್ಕದ್ದು ಸಣ್ಣದು: ದನಿ ಉಬ್ಬಿಸುವ ಸ್ಪೀಚ್ ಪ್ರೊಸೆಸರ್ ಆಫ್ ಮಾಡಿ, ಎಎಲ್‌ಸಿ (ಅತಿ ಜೋರನ್ನು ತಾನೇ ತಗ್ಗಿಸುವ ಸರ್ಕ್ಯೂಟ್) ಮುಳ್ಳು ಗೆರೆ ದಾಟದಷ್ಟಕ್ಕೆ ಮೈಕ್ ಗೇನ್ ಇಳಿಸಿ. ಎಸ್‌ಡಬ್ಲ್ಯುಆರ್ (ಆಂಟೆನಾ ಸೆಟ್ಟಿಗೆ ಎಷ್ಟು ಹೊಂದಿದೆ ಅನ್ನುವ ಅಳತೆ) ಚೆನ್ನಾಗಿದ್ದರೂ ಕವಚದ ಮೇಲೆ ಆರ್‌ಎಫ್ ಹರಿಯಬಹುದು, ಆ ಮೀಟರ್ ನೋಡಿ ನಿಶ್ಚಿಂತೆಯಿಂದ ಕೂರಬೇಡಿ.

ಪ್ರಶ್ನೆ: 2 ಮೀಟರ್ ಬ್ಯಾಂಡಿನ ಹ್ಯಾಂಡಿಯಲ್ಲಿ (ಕೈಯಲ್ಲಿ ಹಿಡಿಯುವ ಸೆಟ್) ರಿಪೀಟರ್ (ಸಿಗ್ನಲನ್ನು ಮತ್ತೆ ಪ್ರಸಾರ ಮಾಡುವ ಕೇಂದ್ರ) ಮೂಲಕ ಮಾತಾಡಿದರೆ ಜೋರಾಗಿ ಹೇಳಿದ ಮಾತೆಲ್ಲ ಒಡೆಯುತ್ತದೆ. ಬ್ಯಾಟರಿ ಹೊಸದು.
– ಹಾಸನದ ಓದುಗರು

ಉತ್ತರ: ಮೆನುವಿನಲ್ಲಿ ‘ವೈಡ್’ ‘ನ್ಯಾರೋ’ ಅಂತ ಇರುತ್ತದೆ, ನೋಡಿ. ನಿಮ್ಮದು 5 ಕಿಲೋಹರ್ಟ್ಸ್ ಅಗಲಕ್ಕೆ ತೂಗಾಡುತ್ತಿದ್ದು, ಆ ಕಡೆ ರಿಸೀವರ್ 2.5ಕ್ಕೆ ಸಜ್ಜಾಗಿದ್ದರೆ ಜೋರು ದನಿ ಕತ್ತರಿಸಿಹೋಗುತ್ತದೆ. ರಿಪೀಟರ್ ನೋಡಿಕೊಳ್ಳುವವರನ್ನು ಕೇಳಿ ಅದಕ್ಕೆ ಹೊಂದಿಸಿ. ಹಾಗೇ ಹ್ಯಾಂಡಿಯನ್ನು ತುಟಿಯಿಂದ ನಾಲ್ಕು ಬೆರಳು ದೂರ ಹಿಡಿಯಿರಿ. ಅದು ಐಸ್ ಕ್ಯಾಂಡಿ ಅಲ್ವಲ್ಲ!