ನೈಟ್ಲಿಯ ಹೊಟ್ಟೆಕಿಚ್ಚು

ಪ್ರಶ್ನೆ: ಜೇನ್ ಆಸ್ಟೆನ್ ಅವರ ‘ಎಮ್ಮಾ’ ಕಾದಂಬರಿಯನ್ನು ಈಚೆಗೆ ಓದಿ ಮುಗಿಸಿದೆ. ನಾಯಕ ನೈಟ್ಲಿ ದೊಡ್ಡ ಜಮೀನ್ದಾರ, ಸತ್ಯವಂತ, ಬಡವರ ಬಗ್ಗೆ ಕಾಳಜಿಯುಳ್ಳವನು. ಅವನು ಹೇಳಿದ್ದೆಲ್ಲ ಕೊನೆಗೆ ಸರಿಯೆಂದೇ ತೋರುತ್ತದೆ. ಇಂಥವನನ್ನು ಗೌರವಿಸಬಹುದೇ ಹೊರತು ಅವನೊಳಗೆ ಹುಡುಕಲು ಏನೂ ಇಲ್ಲವೆನಿಸಿತು. ತಪ್ಪೇ ಮಾಡದ ನಾಯಕನಿಗೆ ಆಳವಿರುವುದು ಸಾಧ್ಯವೇ?
– ಓದುಗರೊಬ್ಬರು, ಸಾಗರ

ಉತ್ತರ: ನಿಮ್ಮ ಆಕ್ಷೇಪ ಅರ್ಧದಷ್ಟು ಸರಿ. ಊರಿನ ಪಾದ್ರಿ ಎಲ್ಟನ್ ಹಣವಿಲ್ಲದ ಹುಡುಗಿಯನ್ನು ಮದುವೆಯಾಗುವವನಲ್ಲ ಎಂದು ಮೊದಲೇ ಎಚ್ಚರಿಸಿದವನು ನೈಟ್ಲಿ. ಬಾಕ್ಸ್ ಹಿಲ್‌ನ ವನಭೋಜನದಲ್ಲಿ ನಾಯಕಿ ಎಮ್ಮಾ ಬಡ ಮಿಸ್ ಬೇಟ್ಸ್‌ಳನ್ನು ಗೇಲಿ ಮಾಡಿದಾಗ ಅವಳನ್ನು ಗದರಿದವನೂ ಅವನೇ. ಇಷ್ಟನ್ನೇ ನೋಡಿದರೆ ಅವನು ಪ್ರೇಮಿಗಿಂತ ಹೆಚ್ಚಾಗಿ ಶಾಲೆಯ ಮೇಷ್ಟ್ರಂತೆ ಕಾಣುತ್ತಾನೆ. ಆದರೆ 1815ರ ಡಿಸೆಂಬರ್‌ನಲ್ಲಿ ಹೊರಬಂದ ಈ ಕಾದಂಬರಿಯ ಬಹುಪಾಲನ್ನು ನಾವು ಎಮ್ಮಾಳ ಕಣ್ಣಿನಿಂದಲೇ ನೋಡುತ್ತೇವೆ. ಹುಟ್ಟಿದಾಗಿನಿಂದ ಕಂಡ ಆ ಮನುಷ್ಯನನ್ನು ಅವಳು ಮನೆಯ ಗೋಡೆ ಗಡಿಯಾರದಂತೆ ನಂಬಿದ್ದಾಳೆ. ಅದರೊಳಗೆ ಏನು ನಡೆಯುತ್ತಿದೆಯೆಂದು ಬಿಚ್ಚಿ ನೋಡುವ ಪ್ರಸಂಗವೇ ಅವಳಿಗೆ ಬಂದಿಲ್ಲ.

ಆ ಗಡಿಯಾರ ಒಂದೇ ಒಂದು ವಿಷಯದಲ್ಲಿ ತಪ್ಪುತ್ತದೆ: ಎಮ್ಮಾಳಿಗೆ ತಕ್ಕ ವರನೆಂದು ಆಪ್ತರು ಎಣಿಸಿದ್ದ ಫ್ರಾಂಕ್ ಚರ್ಚಿಲ್. ಆ ಯುವಕ ಊರಿಗೆ ಕಾಲಿಡುವ ಮೊದಲೇ, ಅವನ ಮುಖವನ್ನೂ ಕಾಣದ ನೈಟ್ಲಿ ಅವನ ಮೇಲೆ ಸಿಡಿಮಿಡಿಗೊಳ್ಳುತ್ತಾನೆ. ಇಷ್ಟು ಉದಾರ ಮನಸ್ಸಿನವನು ಹೀಗೇಕೆ ಎಂದು ಎಮ್ಮಾಳಿಗೇ ಅಚ್ಚರಿಯಾಗುತ್ತದೆ. ಮುಂದೆ ಫ್ರಾಂಕನ ಅಕ್ಷರವನ್ನು ಎಲ್ಲರೂ ಹೊಗಳುತ್ತಿದ್ದರೆ, ಅದು ಹೆಂಗಸರ ಕೈಬರಹದಂತಿದೆ ಎಂದು ಇವನು ಕೊಂಕು ತೆಗೆಯುತ್ತಾನೆ. ಸುಮಾರು ಮೂವತ್ತೆಂಟರ ಗಂಭೀರ ಗೃಹಸ್ಥನಿಗೆ ಇದು ಶೋಭಿಸುವ ಮಾತಲ್ಲ. ನನಗಂತೂ ಅವನು ಮೊದಲ ಬಾರಿಗೆ ಹತ್ತಿರದವನಾಗಿದ್ದು ಅಲ್ಲಿಯೇ.

ಮೂರನೆಯ ಸಂಪುಟದ ಐದನೆಯ ಅಧ್ಯಾಯವನ್ನು ನಿಧಾನವಾಗಿ ಇನ್ನೊಮ್ಮೆ ಓದಿ. ಅಲ್ಲಿ ಲೇಖಕಿ ಎಮ್ಮಾಳನ್ನು ಬಿಟ್ಟು ನೈಟ್ಲಿಯ ಮನಸ್ಸಿನೊಳಗೆ ಹೋಗುತ್ತಾರೆ. ಫ್ರಾಂಕ್ ಮತ್ತು ಮಿಸ್ ಬೇಟ್ಸ್‌ಳ ತಂಗಿಯ ಮಗಳು ಜೇನ್ ಫೇರ್‌ಫ್ಯಾಕ್ಸ್ ನಡುವೆ ಏನೋ ಗುಟ್ಟಿದೆಯೆಂದು ಅವನಿಗೆ ಅನುಮಾನ ಬಂದಿದೆ. ಆದರೆ ಕಂಡದ್ದು ನಿಜವೋ, ತನ್ನ ಮನಸ್ಸೇ ಹುಟ್ಟಿಸಿದ್ದೋ ಎಂದು ತನ್ನ ಕಣ್ಣನ್ನೇ ಅವನು ಶಂಕಿಸುತ್ತಾನೆ. ಅನುಮಾನ ನಿಜವೇ ಆಗಿತ್ತು. ಆದರೂ ಅದರ ಬೇರು ಅಸೂಯೆಯಲ್ಲಿತ್ತು. ಸರಿಯಾದ ತೀರ್ಮಾನಕ್ಕೆ ಅಷ್ಟೇನೂ ಸರಿಯಲ್ಲದ ಕಾರಣದಿಂದ ಬಂದು ತಲುಪುವವನನ್ನು ಪೊಳ್ಳು ಪಾತ್ರವೆನ್ನಲು ನನಗೆ ಮನಸ್ಸಿಲ್ಲ.

ಎಮ್ಮಾ ಫ್ರಾಂಕನವಳೆಂದು ಭಾವಿಸಿ, ಅವಳನ್ನು ಮರೆಯಲೆಂದು ಅವನು ಲಂಡನ್ನಿಗೆ, ತಮ್ಮನ ಮನೆಗೆ ಹೋಗುತ್ತಾನೆ. ಆ ಮನೆಯೊಡತಿ ಎಮ್ಮಾಳ ಸ್ವಂತ ಅಕ್ಕ! ಮರೆಯಲು ಹೋದಲ್ಲಿ ಹೆಜ್ಜೆಹೆಜ್ಜೆಗೂ ತಂಗಿಯ ಹೋಲಿಕೆ ಎದುರಾಗುತ್ತದೆ. ಊರಿನವರಿಗೆಲ್ಲ ಬುದ್ಧಿ ಹೇಳುವವನ ಈ ಎಡವಟ್ಟನ್ನು ಲೇಖಕಿ ನಗುತ್ತಲೇ ಹೇಳಿದ್ದಾರೆ.

ನನಗೂ ಒಂದು ತಕರಾರಿದೆ. ಎಮ್ಮಾಳಿಗೆ ಹದಿಮೂರಾಗಿದ್ದಾಗಿನಿಂದಲೇ ತಾನು ಅವಳನ್ನು ಪ್ರೀತಿಸಿದ್ದೇನೆ ಎಂಬರ್ಥದ ಮಾತನ್ನು ಅವನು ಕೊನೆಯಲ್ಲಿ ಲಘುವಾಗಿ ಆಡುತ್ತಾನೆ. ಹದಿನಾರು ವರ್ಷ ಹಿರಿಯನ ಬಾಯಲ್ಲಿ ಅದು ಇಂದಿನ ಓದುಗರಿಗೆ ಇರುಸುಮುರುಸು ತರುತ್ತದೆ. ತಮಾಷೆಯೆಂದು ಅದನ್ನು ತೇಲಿಸಿಬಿಡಲು ನನ್ನಿಂದಾಗಿಲ್ಲ. ಆದರೆ ಅದೇ ಮನುಷ್ಯ, ಎಮ್ಮಾಳ ವೃದ್ಧ ತಂದೆ ಮಗಳನ್ನು ಅಗಲಲಾರನೆಂದು, ಡಾನ್‌ವೆಲ್‌ನ ತನ್ನ ದೊಡ್ಡ ಮನೆಯನ್ನು ಬಿಟ್ಟು ಮಾವನ ಮನೆಗೆ ಬಂದು ಇರಲು ಒಪ್ಪುತ್ತಾನೆ. ಮನೆ ಅಳಿಯ ಎಂಬ ಮಾತಿಗೆ ನಮ್ಮಲ್ಲಿರುವ ಕೊಂಕು ನಿಮಗೆ ಗೊತ್ತೇ ಇದೆ. ಅಲ್ಲಿಯೂ ಎಲ್ಟನ್‌ನ ಹೆಂಡತಿ ಈ ಏರ್ಪಾಡನ್ನು ಕೇಳಿ ಮೂಗು ಮುರಿಯುತ್ತಾಳೆ. ನೈಟ್ಲಿ ಅದಕ್ಕೆ ಸೊಪ್ಪು ಹಾಕುವುದಿಲ್ಲ.